ಹೆಣ್ಣುಮಕ್ಕಳೂ ಆಸ್ತಿಯ ಹಕ್ಕೂ

ಬೆಳಗಾವಿ ನಗರದಿಂದ ಖಾನಾಪುರದ ಕಡೆಗೆ ಹೊರಟ ಬಸ್ಸು ಟಿಳಕವಾಡಿಯನ್ನು ದಾಟಿದ ಬಳಿಕ ಉದ್ಯಮಬಾಗ ಎಂಬ ಭಾಗವನ್ನು ಹೊಗುತ್ತದೆ. 'ಬಾಗ' ಎಂದರೆ ತೋಟ. ಈ ತೋಟದಲ್ಲಿ ಬೆಳೆಯುವುದು ಹೂವು ಹಣ್ಣುಗಳಲ್ಲ. ಕಬ್ಬಿಣದ ಎರಕ, ಯಂತ್ರಗಳ ಬಿಡಿಭಾಗ, ಮೋಟಾರು ವಾಹನಗಳಿಗೆ ಬೇಕಾದ ಹಲವು ಬಗೆಯ ಸಾಮಾನುಗಳು. ರಸ್ತೆಯ ಎರಡೂ ಬದಿಗಳಲ್ಲಿ ಕಾರ್ಖಾನೆಗಳು, ಅವುಗಳ ಬಾಗಿಲಲ್ಲಿ ಮಾಲೀಕರ ಹೆಸರಿನ ಫಲಕಗಳು. ಇನ್ನೂ ಮುಂದೆ ಸಾಗಿದರೆ ಪೀರನವಾಡಿ, ಮಚ್ಛೆ. ಆಮೇಲೆ ಭತ್ತದ ಗದ್ದೆಗಳು, ಇಟ್ಟಿಗೆಯ ಭಟ್ಟಿಗಳು, ಕೊನೆಗೆ ಮಲಪ್ರಭಾ ನದಿಯ ದಂಡೆಯ ಮೇಲಿರುವ ಖಾನಾಪುರ. ಸುಮಾರು 25 ಕಿಲೋಮೀಟರಿನ ಈ ಹಾದಿಯಲ್ಲಿ ದುಡಿಯುವ ಕೈಗಳನ್ನು ಎಣಿಸಿದರೆ ಗಂಡಸರಷ್ಟೇ ಹೆಂಗಸರೂ ಕಣ್ಣಿಗೆ ಬೀಳುತ್ತಾರೆ. ಮಳೆಗಾಲದಲ್ಲಿ ಕೆಸರು ಗದ್ದೆಯಲ್ಲಿ ಬಾಗಿ ಸಸಿ ನೆಡುವವರು ಹೆಂಗಸರು. ಕಳೆ ಕೀಳುವವರು, ಕೊಯ್ಲಿಗೆ ಕುಡುಗೋಲು ಹಿಡಿಯುವವರು, ಭಟ್ಟಿಯಲ್ಲಿ ಇಟ್ಟಿಗೆ ಹೊರುವವರು ಅವರೇ.

ಆದರೆ ಈ ಗದ್ದೆ, ಈ ಭಟ್ಟಿ, ಈ ಕಾರ್ಖಾನೆ ಯಾರವು ಎಂದು ಕೇಳಿದರೆ ಉತ್ತರ ಬೇರೆಯಾಗಿರುತ್ತದೆ. ತಲಾಠಿಯವರ ಕಚೇರಿಯಿಂದ ಜಮೀನಿನ ಉತಾರವನ್ನು ತರಿಸಿ ನೋಡಿದರೆ ಅಲ್ಲಿ ಹೆಚ್ಚಾಗಿ ಕಾಣುವುದು ಗಂಡಸರ ಹೆಸರೇ. 2015-16ರ ಕೃಷಿ ಗಣತಿಯಂತೆ ನಮ್ಮ ದೇಶದ ಒಟ್ಟು ಹಿಡುವಳಿಗಳಲ್ಲಿ ಹೆಂಗಸರು ನಡೆಸುವಂಥವು ನೂರಕ್ಕೆ ಸುಮಾರು 14 ಮಾತ್ರ. ದುಡಿಮೆಯಲ್ಲಿ ಸಮಪಾಲು, ಒಡೆತನದಲ್ಲಿ ಅಲ್ಪಪಾಲು. ಇದು ಹೇಗಾಯಿತು? ಇದನ್ನು ಸರಿಪಡಿಸಲು ನಮ್ಮ ಹಿರಿಯರು ಏನು ಮಾಡಿದರು? ಇನ್ನೂ ಉಳಿದಿರುವ ಕೆಲಸವೇನು? ಇವು ಪ್ರತಿಯೊಬ್ಬ ನಾಗರಿಕನೂ ಅರಿತಿರಬೇಕಾದ ಸಂಗತಿಗಳು.

ಮೊದಲು, ಒಡೆತನಕ್ಕೆ ಇಷ್ಟು ಮಹತ್ವವೇಕೆ ಎಂಬುದನ್ನು ತಿಳಿಯಬೇಕು. ಆಸ್ತಿ ಎಂಬುದು ಕೇವಲ ಮಣ್ಣಲ್ಲ, ಕೇವಲ ಕಲ್ಲು ಗಾರೆಯಲ್ಲ. ತನ್ನ ಹೆಸರಿನಲ್ಲಿ ಒಂದು ಎಕರೆ ಹೊಲವಿದ್ದವನು ಅದನ್ನು ಒತ್ತೆಯಿಟ್ಟು ಬ್ಯಾಂಕಿನಿಂದ ಸಾಲ ಪಡೆಯಬಲ್ಲ. ಬೀಜ ಗೊಬ್ಬರ ಕೊಳ್ಳಬಲ್ಲ. ಬೇಕಾದರೆ ಉದ್ಯಮಬಾಗದಲ್ಲಿ ಒಂದು ಚಿಕ್ಕ ಷೆಡ್ಡು ಹಿಡಿದು ಯಂತ್ರವನ್ನು ಕೂರಿಸಬಲ್ಲ. ಬೆಳೆ ಹಾಳಾದಾಗ ಬರುವ ಪರಿಹಾರಕ್ಕೂ ಉತಾರದಲ್ಲಿರುವ ಹೆಸರೇ ಆಧಾರ. ಹೆಸರಿಲ್ಲದವಳು ಎಷ್ಟು ದುಡಿದರೂ ಇವಾವುವೂ ಅವಳ ಕೈಗೆ ಸುಲಭವಾಗಿ ಎಟುಕುವುದಿಲ್ಲ. ಗಂಡ ತೀರಿಕೊಂಡ ಮೇಲೆ ಅಥವಾ ಗಂಡನೇ ಹೊರಗೆ ಹಾಕಿದ ಮೇಲೆ, 'ಇದು ನನ್ನ ಮನೆ' ಎಂದು ಹೇಳಿ ನಿಲ್ಲಲು ಅವಳಿಗೆ ನೆಲೆಯೇ ಇರುವುದಿಲ್ಲ. ತವರಿಗೆ ಹೋದರೆ ಅದು ಅಣ್ಣತಮ್ಮಂದಿರ ಮನೆ. ಅತ್ತೆಮನೆಯಲ್ಲಿ ಉಳಿದರೆ ಅದು ಭಾವ ಮೈದುನರ ಮನೆ. ಎರಡು ಮನೆಗಳನ್ನು ಬೆಳಗುವವಳೆಂದು ಹಾಡಿ ಹೊಗಳಿಸಿಕೊಂಡ ಹೆಣ್ಣು ಎರಡು ಮನೆಗಳಲ್ಲಿಯೂ ಅನ್ಯಳಾಗುವ ಪ್ರಸಂಗ ಬರುತ್ತದೆ. ಆಸ್ತಿಯ ಹಕ್ಕಿನ ಪ್ರಶ್ನೆ ಅನ್ನದ ಪ್ರಶ್ನೆ, ಆಸರೆಯ ಪ್ರಶ್ನೆ, ಮಾನದ ಪ್ರಶ್ನೆ.

ಉತ್ತರಾಧಿಕಾರದ ಪ್ರಶ್ನೆ ಬೆಳಗಾವಿಯ ಸೀಮೆಗೆ ಹೊಸದೇನಲ್ಲ. ಬೆಳಗಾವಿಯ ಹತ್ತಿರದ ಕಾಕತಿಯಲ್ಲಿ ಹುಟ್ಟಿದ ಕಿತ್ತೂರು ರಾಣಿ ಚೆನ್ನಮ್ಮ ಕತ್ತಿಯನ್ನು ಹಿಡಿದುದು ಇದೇ ಪ್ರಶ್ನೆಯಿಂದ. 1824ರಲ್ಲಿ ಕಿತ್ತೂರಿನ ದೊರೆ ಶಿವಲಿಂಗರುದ್ರಸರ್ಜನು ಮಕ್ಕಳಿಲ್ಲದೆ ತೀರಿಕೊಂಡನು. ಆತನ ಉತ್ತರಾಧಿಕಾರಿಯಾಗಿ ದತ್ತು ಪಡೆದ ಬಾಲಕನನ್ನು ಮನ್ನಿಸಲು ಧಾರವಾಡದ ಕಲೆಕ್ಟರ್ ಥ್ಯಾಕರೆ ಒಪ್ಪಲಿಲ್ಲ. ಸಂಸ್ಥಾನದ ಖಜಾನೆಗೆ ಮುದ್ರೆಯೊತ್ತಲು ಬಂದ ಆತನು 1824ರ ಅಕ್ಟೋಬರ್ 23ರಂದು ನಡೆದ ಕಾಳಗದಲ್ಲಿ ಮಡಿದನು. ಡಿಸೆಂಬರಿನಲ್ಲಿ ಕಿತ್ತೂರಿನ ಕೋಟೆ ಆಂಗ್ಲರ ವಶವಾಯಿತು. ರಾಣಿಯು ಬೈಲಹೊಂಗಲದಲ್ಲಿ ಸೆರೆಯಾಳಾಗಿ 1829ರಲ್ಲಿ ಪ್ರಾಣಬಿಟ್ಟಳು. ಈ ವೀರಗಾಥೆಯನ್ನು ನಾವೆಲ್ಲರೂ ಬಲ್ಲೆವು. ಆದರೆ ಅದರಲ್ಲಿ ಅಡಗಿರುವ ಒಂದು ಸಂಗತಿಯನ್ನು ನಾವು ಗಮನಿಸುವುದಿಲ್ಲ. ಸೈನ್ಯವನ್ನು ನಡೆಸಬಲ್ಲ, ರಾಜ್ಯವನ್ನು ಆಳಬಲ್ಲ ಹೆಂಗಸು ಅರಮನೆಯಲ್ಲಿದ್ದರೂ, ಸಂಸ್ಥಾನಕ್ಕೆ ವಾರಸುದಾರನಾಗಿ ಒಬ್ಬ ಗಂಡುಮಗುವನ್ನು ದತ್ತು ತರಬೇಕಾಯಿತು. ಆಕೆ ಹೋರಾಡಿದುದು ಆ ಬಾಲಕನ ಹಕ್ಕಿಗಾಗಿ. ರಾಣಿಯ ಸ್ಥಿತಿಯೇ ಹೀಗಿದ್ದ ಮೇಲೆ ಸಾಮಾನ್ಯ ರೈತನ ಮಗಳ ಸ್ಥಿತಿಯನ್ನು ಹೇಳಬೇಕಾಗಿಲ್ಲ.

ಇದಕ್ಕೆ ಆಧಾರವಾಗಿದ್ದ ಶಾಸ್ತ್ರಗ್ರಂಥ ನಮ್ಮ ನಾಡಿನಲ್ಲಿಯೇ ಹುಟ್ಟಿದುದು. ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ವಿಜ್ಞಾನೇಶ್ವರನು ಯಾಜ್ಞವಲ್ಕ್ಯಸ್ಮೃತಿಗೆ 'ಮಿತಾಕ್ಷರಾ' ಎಂಬ ವ್ಯಾಖ್ಯಾನವನ್ನು ಬರೆದನು. ಬಂಗಾಳವೇ ಮೊದಲಾದ ಕೆಲವು ಭಾಗಗಳನ್ನು ಬಿಟ್ಟು ಭಾರತದ ಬಹುಭಾಗದಲ್ಲಿ ಹಿಂದೂ ಕುಟುಂಬದ ಆಸ್ತಿ ವಿಭಾಗಕ್ಕೆ ಅದೇ ಪ್ರಮಾಣವಾಯಿತು. ಅದರ ಮುಖ್ಯ ತತ್ತ್ವವೇನೆಂದರೆ, ಪಿತ್ರಾರ್ಜಿತ ಆಸ್ತಿಯಲ್ಲಿ ಮಗನಿಗೆ ಹುಟ್ಟಿನಿಂದಲೇ ಹಕ್ಕು ಬರುತ್ತದೆ. ತಂದೆ, ಮಕ್ಕಳು, ಮೊಮ್ಮಕ್ಕಳು ಎಲ್ಲರೂ ಆ ಆಸ್ತಿಯ ಸಹಭಾಗಿಗಳು. ಅವರಲ್ಲಿ ಒಬ್ಬನು ಸತ್ತರೆ ಅವನ ಭಾಗವು ಉಳಿದ ಸಹಭಾಗಿಗಳಿಗೆ ಸಲ್ಲುತ್ತದೆ. ಈ ಸಹಭಾಗಿಗಳ ಕೂಟದಲ್ಲಿ ಗಂಡಸರಿಗೆ ಮಾತ್ರ ಸ್ಥಾನವಿದ್ದಿತು. ಹೆಣ್ಣುಮಕ್ಕಳಿಗೆ ಮದುವೆಯ ಖರ್ಚು, ವಿಧವೆಗೆ ಅನ್ನವಸ್ತ್ರ, ಇಷ್ಟೇ ಸಲ್ಲತಕ್ಕುದಾಗಿತ್ತು.

ಆದರೂ ವಿಜ್ಞಾನೇಶ್ವರನಿಗೆ ನ್ಯಾಯವಾಗಿ ಒಂದು ಮಾತನ್ನು ಹೇಳಬೇಕು. 'ಸ್ತ್ರೀಧನ' ಎಂಬ ಶಬ್ದಕ್ಕೆ ಅವನು ಬಹಳ ವಿಶಾಲವಾದ ಅರ್ಥವನ್ನು ಕೊಟ್ಟಿದ್ದನು. ಮದುವೆಯಲ್ಲಿ ಬಂದ ಒಡವೆ ವಸ್ತ್ರಗಳಷ್ಟೇ ಅಲ್ಲದೆ, ಉತ್ತರಾಧಿಕಾರದಿಂದ ಬಂದದ್ದು, ಕೊಂಡದ್ದು, ಪಾಲಿನಿಂದ ಬಂದದ್ದು ಕೂಡ ಹೆಣ್ಣಿನ ಸ್ವಂತ ಧನವೆಂದು ಅವನ ಅಭಿಪ್ರಾಯ. ಮುಂದೆ ಬ್ರಿಟಿಷರ ಕಾಲದಲ್ಲಿ ಪ್ರಿವಿ ಕೌನ್ಸಿಲಿನ ತೀರ್ಪುಗಳು ಈ ಅರ್ಥವನ್ನು ಕಿರಿದುಗೊಳಿಸಿದವು. ಹೆಣ್ಣಿಗೆ ಉತ್ತರಾಧಿಕಾರದಿಂದ ಬಂದ ಆಸ್ತಿಯನ್ನು ಅವಳು ಬದುಕಿರುವವರೆಗೆ ಅನುಭವಿಸಬಹುದು, ಮಾರುವಂತಿಲ್ಲ, ಅವಳ ಅನಂತರ ಅದು ಗಂಡಸಿನ ವಂಶಕ್ಕೇ ಮರಳಬೇಕು ಎಂಬ ನಿಯಮ ಬಲವಾಯಿತು. ಬೆಳಗಾವಿ ಸೇರಿದ್ದ ಮುಂಬಯಿ ಪ್ರಾಂತದಲ್ಲಿ ಮಾತ್ರ ತಂದೆಯಿಂದ ಬಂದ ಆಸ್ತಿಯಲ್ಲಿ ಮಗಳಿಗೆ ಪೂರ್ಣ ಒಡೆತನವಿದ್ದಿತು. ಆದರೆ ಗಂಡುಮಕ್ಕಳಿಲ್ಲದ ಮನೆಯಲ್ಲಿ ಮಾತ್ರ ಅಂತಹ ಆಸ್ತಿ ಅವಳವರೆಗೆ ಬರುತ್ತಿತ್ತು. ಅಣ್ಣನೋ ತಮ್ಮನೋ ಇದ್ದರೆ ಆ ಹಕ್ಕು ಅವಳಿಗೆ ಕನಸು.

ಎಲ್ಲೆಡೆಯೂ ಇದೇ ಪದ್ಧತಿ ಇತ್ತೆಂದು ಭಾವಿಸಬಾರದು. ದಕ್ಷಿಣ ಕನ್ನಡ ಮತ್ತು ಕಾಸರಗೋಡಿನ ತುಳು ಕನ್ನಡ ಮಾತಾಡುವ ಅನೇಕ ಸಮುದಾಯಗಳಲ್ಲಿ ಅಳಿಯಸಂತಾನ ಪದ್ಧತಿ ರೂಢಿಯಲ್ಲಿತ್ತು. ಅಲ್ಲಿ ವಂಶವು ತಾಯಿಯಿಂದ ಮಗಳಿಗೆ ಸಾಗುತ್ತಿತ್ತು. ಕುಟುಂಬದ ಆಸ್ತಿಯಲ್ಲಿ ಹೆಣ್ಣುಸಂತತಿಯೇ ಬೇರು. ಖಾನಾಪುರ ತಾಲೂಕಿನ ಗಡಿಗೆ ತಾಗಿಕೊಂಡಿರುವ ಗೋವೆಯಲ್ಲಿ 1867ರ ಪೋರ್ತುಗೀಸ್ ನಾಗರಿಕ ಸಂಹಿತೆಯು ಬಳಕೆಗೆ ಬಂದು, ಮಕ್ಕಳಲ್ಲಿ ಗಂಡು ಹೆಣ್ಣೆಂಬ ಭೇದವಿಲ್ಲದೆ ಪಾಲನ್ನು ಕೊಟ್ಟಿತು. 1961ರಲ್ಲಿ ಗೋವೆಯು ಭಾರತದಲ್ಲಿ ವಿಲೀನವಾದ ಮೇಲೂ ಆ ವ್ಯವಸ್ಥೆ ಮುಂದುವರಿಯಿತು. ಸಹ್ಯಾದ್ರಿಯ ಒಂದೇ ಬೆಟ್ಟದ ಸಾಲು. ಅದರ ಆಚೆಯ ಮಗ್ಗುಲಿನಲ್ಲಿ ಹುಟ್ಟಿದ ಹುಡುಗಿಗೆ ಸಮಪಾಲು, ಈಚೆಯ ಮಗ್ಗುಲಿನಲ್ಲಿ ಹುಟ್ಟಿದವಳಿಗೆ ಅರಿಶಿನ ಕುಂಕುಮ! ಇದನ್ನು ನೋಡಿದಾಗ, ಹೆಣ್ಣಿಗೆ ಪಾಲಿಲ್ಲವೆಂಬುದು ಪ್ರಕೃತಿಯ ನಿಯಮವಲ್ಲ, ಮನುಷ್ಯರು ಮಾಡಿಕೊಂಡ ಕಟ್ಟಳೆ ಎಂಬುದು ಸ್ಪಷ್ಟವಾಗುತ್ತದೆ. ಮನುಷ್ಯರು ಮಾಡಿದ್ದನ್ನು ಮನುಷ್ಯರೇ ತಿದ್ದಬಲ್ಲರು.

ತಿದ್ದುವ ಕೆಲಸ ಜಗತ್ತಿನ ಹಲವೆಡೆ ನಡೆಯಿತು. ಇಂಗ್ಲೆಂಡಿನಲ್ಲಿ ಕೂಡ ಮದುವೆಯಾದ ಹೆಂಗಸಿಗೆ ತನ್ನ ಆಸ್ತಿಯ ಮೇಲೆ ಗಂಡನಿಂದ ಬೇರೆಯಾದ ಪೂರ್ಣ ಹಕ್ಕು ದೊರೆತುದು 1882ರ ಕಾನೂನಿನಿಂದಲೇ. ನಮ್ಮಲ್ಲಿ ಮೈಸೂರು ಸಂಸ್ಥಾನವು ಈ ದಾರಿಯಲ್ಲಿ ಮೊದಲ ಹೆಜ್ಜೆಗಳನ್ನಿಟ್ಟಿತು. ಅಲ್ಲಿ 1933ರಲ್ಲಿ ಜಾರಿಗೆ ಬಂದ ಹಿಂದೂ ಸ್ತ್ರೀಯರ ಹಕ್ಕುಗಳ ಕಾನೂನು, ಕುಟುಂಬದ ಆಸ್ತಿ ಪಾಲಾಗುವಾಗ ತಾಯಿ, ವಿಧವೆ, ಅವಿವಾಹಿತ ಹೆಣ್ಣುಮಕ್ಕಳು ಇವರಿಗೂ ಭಾಗವಿರಬೇಕೆಂದು ವಿಧಿಸಿತು. ಅವಿವಾಹಿತಳಿಗೆ ದೊರೆಯುತ್ತಿದ್ದುದು ಸಹೋದರನ ಪಾಲಿನ ನಾಲ್ಕನೆಯ ಒಂದು ಅಂಶ. ಇಂದಿನ ಕಣ್ಣಿಗೆ ಅದು ಅಲ್ಪವೆನಿಸಬಹುದು. ಅಂದಿನ ಕಾಲಕ್ಕೆ ಅದು ದೊಡ್ಡ ಮಾತು. ಆದರೆ ಬೆಳಗಾವಿ, ಧಾರವಾಡ, ವಿಜಯಪುರ ಜಿಲ್ಲೆಗಳು ಆಗ ಮುಂಬಯಿ ಪ್ರಾಂತದಲ್ಲಿದ್ದುದರಿಂದ ಈ ಕಾನೂನಿನ ನೆರಳು ಇಲ್ಲಿಯ ಕನ್ನಡತಿಯರ ಮೇಲೆ ಬೀಳಲಿಲ್ಲ. 1937ರಲ್ಲಿ ಬ್ರಿಟಿಷ್ ಭಾರತಕ್ಕೆಲ್ಲ ಅನ್ವಯಿಸುವ ಒಂದು ಕಾನೂನು ಬಂದಿತು. ಅದು ವಿಧವೆಗೆ ಗಂಡನ ಆಸ್ತಿಯಲ್ಲಿ ಮಗನಿಗೆ ಸಮನಾದ ಭಾಗವನ್ನು ಕೊಟ್ಟರೂ ಅದನ್ನು ಜೀವಮಾನಕ್ಕೆ ಸೀಮಿತಗೊಳಿಸಿತು. ಮಗಳ ಹೆಸರು ಅದರಲ್ಲಿ ಬರಲೇ ಇಲ್ಲ.

ಸ್ವಾತಂತ್ರ್ಯದ ಹೊತ್ತಿಗೆ ಹಿಂದೂ ಕಾನೂನನ್ನು ಒಟ್ಟಾಗಿ ತಿದ್ದುವ ಪ್ರಯತ್ನ ಆರಂಭವಾಗಿತ್ತು. ಇದಕ್ಕಾಗಿ 1941ರಲ್ಲಿ ನೇಮಕಗೊಂಡ ಸಮಿತಿಯ ಅಧ್ಯಕ್ಷರು ಕನ್ನಡ ಕರಾವಳಿಯ ಮನೆತನದ ಬೆನಗಲ್ ನರಸಿಂಗರಾಯರು. ಸ್ವತಂತ್ರ ಭಾರತದ ಪ್ರಥಮ ಕಾನೂನು ಮಂತ್ರಿ ಡಾ. ಬಿ. ಆರ್. ಅಂಬೇಡ್ಕರರು ಆ ಸಂಹಿತೆಯನ್ನು ಮುಂದಕ್ಕೆ ಒಯ್ದರು. ಸಂಸತ್ತಿನ ಒಳಗೂ ಹೊರಗೂ ಪ್ರಬಲವಾದ ವಿರೋಧ ಎದ್ದಿತು. ಮಸೂದೆಯು ನೆನೆಗುದಿಗೆ ಬಿದ್ದಾಗ ಅಂಬೇಡ್ಕರರು 1951ರಲ್ಲಿ ಮಂತ್ರಿಪದವಿಗೆ ರಾಜೀನಾಮೆಯನ್ನು ಕೊಟ್ಟರು. ರಾಜೀನಾಮೆಗೆ ಇದು ಮುಖ್ಯ ಕಾರಣಗಳಲ್ಲೊಂದು. ಮುಂದೆ ಆ ಸಂಹಿತೆಯನ್ನು ಬಿಡಿಬಿಡಿಯಾಗಿ ಅಂಗೀಕರಿಸಲಾಯಿತು. ಅವುಗಳಲ್ಲೊಂದಾದ ಹಿಂದೂ ಉತ್ತರಾಧಿಕಾರ ಅಧಿನಿಯಮವು 1956ರ ಜೂನ್ 17ರಂದು ಜಾರಿಗೆ ಬಂದಿತು. ಅದೇ ವರ್ಷ ನವೆಂಬರ್ 1ರಂದು ಬೆಳಗಾವಿ ಜಿಲ್ಲೆಯು ಕನ್ನಡನಾಡಿನ ಏಕೀಕೃತ ರಾಜ್ಯವನ್ನು ಸೇರಿತು.

1956ರ ಕಾನೂನು ಎರಡು ದೊಡ್ಡ ಉಪಕಾರಗಳನ್ನು ಮಾಡಿತು. ಹೆಣ್ಣಿನ ಕೈಯಲ್ಲಿರುವ ಆಸ್ತಿಗೆ ಅವಳೇ ಪೂರ್ಣ ಒಡತಿ ಎಂದು ಸಾರಿತು. ಜೀವಮಾನದ ಅನುಭವವೆಂಬ ಸಂಕೋಲೆ ಕಳಚಿತು. ತಂದೆಯ ಸ್ವಂತ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಪಾಲೆಂದು ವಿಧಿಸಿತು. ಆದರೆ ಪಿತ್ರಾರ್ಜಿತ ಆಸ್ತಿಯ ಸಹಭಾಗಿಗಳ ಕೂಟವನ್ನು ಮಾತ್ರ ಹಾಗೆಯೇ ಉಳಿಸಿತು. ಇದರ ಪರಿಣಾಮವನ್ನು ಒಂದು ಲೆಕ್ಕದಿಂದ ತಿಳಿಯಬಹುದು. ಖಾನಾಪುರ ತಾಲೂಕಿನ ಒಬ್ಬ ರೈತನಿಗೆ ಪಿತ್ರಾರ್ಜಿತವಾದ 12 ಎಕರೆ ಜಮೀನು ಇದೆಯೆಂದು ಇಟ್ಟುಕೊಳ್ಳೋಣ. ಹೆಂಡತಿ ಮೊದಲೇ ತೀರಿಕೊಂಡಿದ್ದಾಳೆ. ಒಬ್ಬ ಮಗ, ಒಬ್ಬ ಮಗಳು ಇದ್ದಾರೆ. ರೈತನು ಮೃತ್ಯುಪತ್ರವನ್ನು ಬರೆಯದೆ ತೀರಿಕೊಳ್ಳುತ್ತಾನೆ. 1956ಕ್ಕಿಂತ ಹಿಂದೆಯಾದರೆ 12 ಎಕರೆಯೂ ಮಗನಿಗೆ. ಮಗಳಿಗೆ ಏನೂ ಇಲ್ಲ. 1956ರ ಕಾನೂನಿನಂತೆ ಮೊದಲು ತಂದೆ ಮಗ ಇಬ್ಬರಿಗೂ 6 ಎಕರೆಯಂತೆ ಭಾಗವಾದಂತೆ ಭಾವಿಸಬೇಕು. ಆಮೇಲೆ ತಂದೆಯ 6 ಎಕರೆಯನ್ನು ಮಕ್ಕಳಿಬ್ಬರೂ ಹಂಚಿಕೊಳ್ಳಬೇಕು. ಆಗ ಮಗನಿಗೆ ಒಟ್ಟು 9 ಎಕರೆ, ಮಗಳಿಗೆ 3 ಎಕರೆ. ಒಂದೇ ತಾಯಿಯ ಮಕ್ಕಳು. ಒಬ್ಬನಿಗೆ ಇನ್ನೊಬ್ಬಳ ಮೂರು ಪಟ್ಟು. ಇದಲ್ಲದೆ, ಮನೆಯಲ್ಲಿ ಗಂಡುವಾರಸುದಾರರು ವಾಸವಾಗಿದ್ದರೆ, ಅವರಾಗಿಯೇ ಪಾಲು ಮಾಡಿಕೊಳ್ಳುವವರೆಗೆ ಮಗಳು ಮನೆಯಲ್ಲಿ ತನ್ನ ಹಿಸ್ಸೆಯನ್ನು ಕೇಳುವಂತಿರಲಿಲ್ಲ.

ಈ ಕೊರತೆಯನ್ನು ನೀಗಿಸಲು ಕೆಲವು ರಾಜ್ಯಗಳು ತಾವಾಗಿ ಮುಂದೆ ಬಂದವು. ಆಂಧ್ರಪ್ರದೇಶ, ತಮಿಳುನಾಡು, ಮಹಾರಾಷ್ಟ್ರಗಳಂತೆ ಕರ್ನಾಟಕವೂ 1990ರ ತಿದ್ದುಪಡಿಯಿಂದ ಮಗಳನ್ನು ಹುಟ್ಟಿನಿಂದಲೇ ಸಹಭಾಗಿಯೆಂದು ಒಪ್ಪಿತು. ಅದು 1994ರ ಜುಲೈ 30ರಂದು ಜಾರಿಗೆ ಬಂದಿತು. ಆದರೆ ಅಂದಿಗೆ ಮದುವೆಯಾಗಿದ್ದ ಹೆಣ್ಣುಮಕ್ಕಳಿಗೆ ಈ ಹಕ್ಕು ಸಲ್ಲಲಿಲ್ಲ. ಒಂದೇ ಮನೆಯ ಅಕ್ಕತಂಗಿಯರಲ್ಲಿ, ಜುಲೈಗೆ ಮುಂಚೆ ಮದುವೆಯಾದ ಅಕ್ಕನಿಗೆ ಹಕ್ಕಿಲ್ಲ. ಮದುವೆಯಾಗದ ತಂಗಿಗೆ ಹಕ್ಕುಂಟು. ಕೊನೆಗೆ ಕೇಂದ್ರ ಸರ್ಕಾರದ ತಿದ್ದುಪಡಿಯು 2005ರ ಸೆಪ್ಟೆಂಬರ್ 9ರಂದು ಜಾರಿಗೆ ಬಂದು, ವಿವಾಹಿತೆ ಅವಿವಾಹಿತೆ ಎಂಬ ಭೇದವನ್ನು ಅಳಿಸಿ, ಮಗಳಿಗೆ ಮಗನಷ್ಟೇ ಹಕ್ಕನ್ನೂ ಮಗನಷ್ಟೇ ಹೊಣೆಯನ್ನೂ ಕೊಟ್ಟಿತು. ವಾಸದ ಮನೆಯ ಬಗೆಗಿದ್ದ ಅಡ್ಡಿಯನ್ನೂ ತೆಗೆದುಹಾಕಿತು. ನಮ್ಮ ಲೆಕ್ಕದ 12 ಎಕರೆ ಈಗ ಮಗನಿಗೆ 6, ಮಗಳಿಗೆ 6 ಎಂದಾಯಿತು.

ಇಲ್ಲಿ ಬೆಳಗಾವಿಯ ಹೆಸರು ಭಾರತದ ನ್ಯಾಯಚರಿತ್ರೆಯಲ್ಲಿ ಬರುತ್ತದೆ. 1988ರಲ್ಲಿ ತಂದೆ ತೀರಿಕೊಂಡ ಬಳಿಕ ಒಬ್ಬ ಮಗಳು 1992ರಲ್ಲಿ ಬೆಳಗಾವಿಯ ನ್ಯಾಯಾಲಯದಲ್ಲಿ ದಾವೆ ಹೂಡಿ, ಆಸ್ತಿಯಲ್ಲಿ ತನಗೆ ಏಳರಲ್ಲಿ ಒಂದು ಪಾಲು ಬರಬೇಕೆಂದು ಕೇಳಿದಳು. ದಾವೆ ನಡೆಯುತ್ತಿರುವಾಗಲೇ 2005ರ ತಿದ್ದುಪಡಿ ಬಂದಿತು. ಅದರ ಪ್ರಯೋಜನವೂ ತನಗೆ ಸಲ್ಲಬೇಕೆಂದು ಆಕೆ ಕೋರಿದಳು. ಕೆಳಗಿನ ನ್ಯಾಯಾಲಯವು ಹಳೆಯ ಲೆಕ್ಕವನ್ನೇ ಹಿಡಿದು, ಕೆಲವು ಆಸ್ತಿಗಳಲ್ಲಿ ಆಕೆಗೆ ಇಪ್ಪತ್ತೆಂಟರಲ್ಲಿ ಒಂದು ಪಾಲನ್ನು ಮಾತ್ರ ಕೊಟ್ಟಿತು. ಕರ್ನಾಟಕದ ಉಚ್ಚ ನ್ಯಾಯಾಲಯವು ಹೊಸ ಕಾನೂನಿನ ಲಾಭ ಆಕೆಗೆ ಸಲ್ಲುತ್ತದೆಂದಿತು. ವ್ಯಾಜ್ಯವು ಸರ್ವೋಚ್ಚ ನ್ಯಾಯಾಲಯವನ್ನು ಮುಟ್ಟಿತು. 2015ರ ಅಕ್ಟೋಬರ್ 16ರಂದು ಆ ನ್ಯಾಯಾಲಯವು, 2005ರ ಸೆಪ್ಟೆಂಬರ್ 9ರಂದು ತಂದೆಯೂ ಮಗಳೂ ಇಬ್ಬರೂ ಬದುಕಿದ್ದರೆ ಮಾತ್ರ ಹೊಸ ಹಕ್ಕು ದೊರೆಯುತ್ತದೆ ಎಂದು ತೀರ್ಪಿತ್ತಿತು. ತಂದೆಯನ್ನು ಮೊದಲೇ ಕಳೆದುಕೊಂಡ ಅಸಂಖ್ಯಾತ ಹೆಣ್ಣುಮಕ್ಕಳಿಗೆ ಬಾಗಿಲು ಮುಚ್ಚಿದಂತಾಯಿತು. 2018ರಲ್ಲಿ ಕರ್ನಾಟಕದ್ದೇ ಆದ ಇನ್ನೊಂದು ವ್ಯಾಜ್ಯದಲ್ಲಿ, ತಂದೆ 2001ರಲ್ಲಿಯೇ ತೀರಿಕೊಂಡಿದ್ದರೂ ಹೆಣ್ಣುಮಕ್ಕಳಿಗೆ ಪಾಲು ದೊರೆಯಿತು. ಎರಡು ತೀರ್ಪುಗಳ ನಡುವಣ ಗೊಂದಲವನ್ನು ಬಗೆಹರಿಸಲು ಮೂವರು ನ್ಯಾಯಮೂರ್ತಿಗಳ ಪೀಠವು ಕುಳಿತು 2020ರ ಆಗಸ್ಟ್ 11ರಂದು ತೀರ್ಪು ನೀಡಿತು. ಮಗಳ ಹಕ್ಕು ಹುಟ್ಟಿನಿಂದ ಬಂದುದು. 2005ರಲ್ಲಿ ತಂದೆ ಬದುಕಿರಬೇಕೆಂಬ ನಿರ್ಬಂಧವಿಲ್ಲ. 2015ರ ನಿರ್ಣಯ ಸರಿಯಲ್ಲ ಎಂಬುದು ಅದರ ಸಾರ. 2004ರ ಡಿಸೆಂಬರ್ 20ಕ್ಕೆ ಮುಂಚೆ ಕ್ರಮಬದ್ಧವಾಗಿ ಮುಗಿದ ಪಾಲುಗಳು ಮಾತ್ರ ಕದಲುವುದಿಲ್ಲ. ಬೆಳಗಾವಿಯಲ್ಲಿ ಒಬ್ಬ ಮಗಳು ಎತ್ತಿದ ಪ್ರಶ್ನೆಗೆ ದೇಶವು ಸ್ಪಷ್ಟ ಉತ್ತರ ಕೊಡಲು 28 ವರ್ಷಗಳು ಹಿಡಿದವು.

ಕಾನೂನು ತಿದ್ದಿತು, ಉತಾರ ತಿದ್ದಿತೆ? ಈ ಪ್ರಶ್ನೆಯೇ ಈಗ ಉಳಿದಿರುವುದು. ತಂದೆ ಸತ್ತ ಮೇಲೆ ವಾರಸಾ ಹಚ್ಚುವಾಗ ಅನೇಕ ಮನೆಗಳಲ್ಲಿ ಅಕ್ಕತಂಗಿಯರನ್ನು ಕರೆಸುತ್ತಾರೆ. ಊಟೋಪಚಾರ ಆಗುತ್ತದೆ, ಹೊಸ ಸೀರೆ, ಕುಪ್ಪಸದ ಬಟ್ಟೆ ಬರುತ್ತದೆ. ಆಮೇಲೆ ಹಕ್ಕುಬಿಡುಗಡೆಯ ಕಾಗದವೊಂದು ಮುಂದೆ ಬರುತ್ತದೆ. 'ಇಲ್ಲೊಂದು ಸಹಿ ಮಾಡವ್ವ' ಎಂದು ಅಣ್ಣ ಕೇಳುತ್ತಾನೆ. ಅವಳು ಮಾಡುತ್ತಾಳೆ. ಯಾರೂ ಅವಳ ಕೈಯನ್ನು ಹಿಡಿದು ತಿರುವಿರುವುದಿಲ್ಲ. ಆದರೆ ಅವಳ ಮನಸ್ಸಿನಲ್ಲಿ ಒಂದು ಅಳುಕು ಇರುತ್ತದೆ. ಪಾಲು ಕೇಳಿದರೆ ತವರಿನ ಬಾಗಿಲು ಮುಚ್ಚೀತು. ಪಂಚಮಿಗೆ ಕರೆಯಲು ಯಾರೂ ಬರಲಿಕ್ಕಿಲ್ಲ. ನಾಳೆ ಗಂಡನ ಮನೆಯಲ್ಲಿ ಕಷ್ಟ ಬಂದರೆ ಬೆನ್ನಿಗೆ ನಿಲ್ಲುವವರಿರಲಿಕ್ಕಿಲ್ಲ. ಹೀಗೆ ಅವಳು ಹೊಲವನ್ನು ಕೊಟ್ಟು ತವರನ್ನು ಉಳಿಸಿಕೊಳ್ಳುತ್ತಾಳೆ. ಅಣ್ಣನಿಗೆ ಮಾತ್ರ ಎರಡೂ ದೊರೆಯುತ್ತವೆ. ತವರಿಗಾಗಿ ಅವನು ಯಾವ ಬೆಲೆಯನ್ನೂ ತೆರಬೇಕಾಗಿಲ್ಲ. ತಿಳಿದು, ಪ್ರೀತಿಯಿಂದ, ತನ್ನ ಇಚ್ಛೆಯಿಂದ ಬಿಟ್ಟುಕೊಡುವವರನ್ನು ಕಾನೂನು ತಡೆಯುವುದಿಲ್ಲ. ಆದರೆ ಭಯದಿಂದ ಮಾಡಿದ ತ್ಯಾಗವನ್ನು ತ್ಯಾಗವೆಂದು ಕರೆಯಬಹುದೆ?

ಮಗಳಿಗೆ ಪಾಲು ಕೊಡಬಾರದೆನ್ನುವವರು ಸಾಮಾನ್ಯವಾಗಿ ಮೂರು ಕಾರಣಗಳನ್ನು ಹೇಳುತ್ತಾರೆ. ಮದುವೆಯಲ್ಲಿ ಅವಳಿಗೆ ಸಾಕಷ್ಟು ಕೊಟ್ಟಿದ್ದೇವೆ ಎಂಬುದು ಮೊದಲನೆಯದು. ವರದಕ್ಷಿಣೆಯನ್ನು ಕೊಡುವುದೂ ತೆಗೆದುಕೊಳ್ಳುವುದೂ 1961ರ ಕಾನೂನಿನಿಂದ ಅಪರಾಧವಾಗಿದೆ. ಕೊಟ್ಟರೂ ಅದು ಸೇರುವುದು ಹೆಚ್ಚಾಗಿ ಗಂಡನ ಮನೆಯವರ ಕೈಯನ್ನು. ಮಗಳ ಹೆಸರಿನಲ್ಲಿ ಅದು ಉಳಿಯುವುದಿಲ್ಲ. ಮಗನ ಮದುವೆಗೂ ಓದಿಗೂ ಖರ್ಚು ಮಾಡಿದ ತಂದೆ ಅದನ್ನು ಅವನ ಪಾಲಿನಲ್ಲಿ ಮುರಿದುಕೊಳ್ಳುವುದೂ ಇಲ್ಲ. ಜಮೀನು ತುಂಡುತುಂಡಾಗುತ್ತದೆ ಎಂಬುದು ಎರಡನೆಯ ಮಾತು. ನಾಲ್ವರು ಗಂಡುಮಕ್ಕಳಿದ್ದರೂ ಜಮೀನು ನಾಲ್ಕು ತುಂಡಾಗುತ್ತದೆ; ಆಗ ಈ ಮಾತನ್ನು ಯಾರೂ ಎತ್ತುವುದಿಲ್ಲ. ಪಾಲನ್ನು ಗೊತ್ತುಪಡಿಸಿ ಒಟ್ಟಾಗಿ ಸಾಗುವಳಿ ಮಾಡುವುದಕ್ಕೂ, ಒಬ್ಬರ ಪಾಲನ್ನು ಇನ್ನೊಬ್ಬರು ಬೆಲೆಕೊಟ್ಟು ಕೊಳ್ಳುವುದಕ್ಕೂ ದಾರಿಗಳಿವೆ. ಮುಪ್ಪಿನಲ್ಲಿ ತಂದೆತಾಯಿಗಳನ್ನು ನೋಡಿಕೊಳ್ಳುವವನು ಮಗ ಎಂಬುದು ಮೂರನೆಯ ಕಾರಣ. 2007ರ ಹಿರಿಯ ನಾಗರಿಕರ ಪೋಷಣೆಯ ಕಾನೂನು ಈ ಹೊಣೆಯನ್ನು ಮಗ ಮಗಳು ಇಬ್ಬರ ಮೇಲೂ ಹೊರಿಸಿದೆ. ಕಾನೂನಿನ ಮಾತಿರಲಿ, ಹಾಸಿಗೆ ಹಿಡಿದ ತಾಯಿಯ ಮಗ್ಗುಲಲ್ಲಿ ಕುಳಿತ ಹೆಣ್ಣುಮಕ್ಕಳನ್ನು ನಾವೆಲ್ಲರೂ ಕಂಡಿದ್ದೇವೆ.

ಆಸ್ತಿಯ ಅಸಮಾನತೆಗೆ ಗಂಡು ಹೆಣ್ಣಿನ ಭೇದವೊಂದೇ ಕಾರಣವಲ್ಲ; ಜಾತಿಯೂ ಕಾರಣ. ಶತಮಾನಗಳ ಕಾಲ ದಲಿತರು ಇತರರ ಹೊಲಗಳಲ್ಲಿ ದುಡಿದರೇ ಹೊರತು ಸ್ವಂತ ಹೊಲವನ್ನು ಕಂಡವರು ಕಡಿಮೆ. ಮುಂಬಯಿ ಪ್ರಾಂತದಲ್ಲಿ ಅವರಿಗೆ ವತನವೆಂದು ಕೊಟ್ಟ ತುಂಡು ನೆಲವು ಊರ ಚಾಕರಿಯ ಬಂಧನವಾಗಿತ್ತು. ಈ ಪದ್ಧತಿಯನ್ನು ತಿದ್ದಲು ಅಂಬೇಡ್ಕರರು 1928ರಲ್ಲಿಯೇ ಮುಂಬಯಿ ಶಾಸನಸಭೆಯಲ್ಲಿ ಮಸೂದೆಯನ್ನು ಮಂಡಿಸಿದರು. ಕರ್ನಾಟಕದಲ್ಲಿ ಪರಿಶಿಷ್ಟರಿಗೆ ಸರ್ಕಾರ ಕೊಟ್ಟ ಜಮೀನು ಇತರರ ಪಾಲಾಗದಂತೆ 1978ರಲ್ಲಿ ಕಾನೂನಾಯಿತು. ದೇವರಾಜ ಅರಸರ ಕಾಲದಲ್ಲಿ ತಿದ್ದುಪಡಿಯಾದ ಭೂಸುಧಾರಣಾ ಕಾನೂನು 1974ರ ಮಾರ್ಚ್ 1ರಿಂದ ಲಕ್ಷಾಂತರ ಗೇಣಿದಾರರಿಗೆ ಒಡೆತನದ ದಾರಿಯನ್ನು ತೆರೆಯಿತು. 'ಉಳುವವನೇ ಹೊಲದೊಡೆಯ' ಎಂಬುದು ಅಂದಿನ ಘೋಷಣೆ. ಮಹತ್ತಾದ ಆ ಘೋಷಣೆಯಲ್ಲಿ ಕೂಡ ಒಂದು ಶಬ್ದವನ್ನು ಗಮನಿಸಬೇಕು: 'ಉಳುವವನು'. ನೇಗಿಲು ಹಿಡಿಯುವುದು ರೂಢಿಯಂತೆ ಗಂಡಸಿನ ಕೆಲಸ. ನೆಡುವವಳು, ಕಳೆ ಕೀಳುವವಳು, ಕೊಯ್ಯುವವಳು ಆ ಶಬ್ದದೊಳಗೆ ಬರಲಿಲ್ಲ.

ಇಂದಿನ ಕಾನೂನಿನಲ್ಲಿಯೂ ಒಡಕುಗಳು ಇಲ್ಲವೆಂದಲ್ಲ. ಮಕ್ಕಳಿಲ್ಲದ ಹಿಂದೂ ವಿಧವೆಯೊಬ್ಬಳು ಮೃತ್ಯುಪತ್ರ ಬರೆಯದೆ ತೀರಿಕೊಂಡರೆ, ಅವಳು ಸ್ವಂತ ದುಡಿಮೆಯಿಂದ ಗಳಿಸಿದ ಆಸ್ತಿಯು ಅವಳನ್ನು ಹೆತ್ತವರಿಗಿಂತ ಮೊದಲು ಗಂಡನ ವಾರಸುದಾರರಿಗೆ ಹೋಗುತ್ತದೆ. ಪರಿಶಿಷ್ಟ ಪಂಗಡದವರಿಗೆ, ಕೇಂದ್ರ ಸರ್ಕಾರವು ಬೇರೆಯಾಗಿ ಪ್ರಕಟಿಸಿದ ಹೊರತು, ಈ ಅಧಿನಿಯಮ ಅನ್ವಯಿಸುವುದಿಲ್ಲ. ಮುಸ್ಲಿಂ ಉತ್ತರಾಧಿಕಾರದಲ್ಲಿ ಮಗಳಿಗೆ ಪಾಲು ಬಹು ಹಿಂದಿನಿಂದಲೂ ನಿಶ್ಚಿತವಾಗಿದ್ದರೂ ಅದು ಮಗನ ಪಾಲಿನ ಅರ್ಧ. ನಮ್ಮ ಸಂವಿಧಾನದ 14 ಮತ್ತು 15ನೆಯ ಅನುಚ್ಛೇದಗಳು ಸಾರುವ ಸಮಾನತೆಯನ್ನು ಪೂರ್ಣವಾಗಿ ಮುಟ್ಟಲು ನಾವು ಇನ್ನೂ ಕೆಲವು ಹೆಜ್ಜೆಗಳನ್ನು ನಡೆಯಬೇಕಾಗಿದೆ.

ಕಾನೂನು ಮಾಡುವುದು ಶಾಸನಸಭೆಗಳ ಕೆಲಸ; ಅದನ್ನು ಬಾಳಿನಲ್ಲಿ ತರುವುದು ಮನೆಮನೆಯ ಕೆಲಸ. ಒಂಬತ್ತನೆಯ ತರಗತಿಯ ಹುಡುಗ ಹುಡುಗಿಯರು ಇದರಲ್ಲಿ ಮಾಡಬಹುದಾದುದೇನು? ಮೊದಲನೆಯದಾಗಿ ಅವರು ತಿಳಿದುಕೊಳ್ಳಬಹುದು. ಮನೆಯ ಉತಾರವನ್ನು ಹಿರಿಯರಿಂದ ಕೇಳಿ ಪಡೆದು ಓದಲಿ. ಅದರಲ್ಲಿ ಅಜ್ಜಿಯ ಹೆಸರು, ತಾಯಿಯ ಹೆಸರು, ಅತ್ತೆಯ ಹೆಸರು ಇದೆಯೇ ನೋಡಲಿ. ಇಲ್ಲದಿದ್ದರೆ ಏಕಿಲ್ಲವೆಂದು ವಿನಯದಿಂದ ಕೇಳಲಿ. ಹುಡುಗಿಯಾದವಳು ಓದದೆ ಯಾವ ಕಾಗದಕ್ಕೂ ಸಹಿ ಮಾಡೆನೆಂದು ನಿಶ್ಚಯಿಸಲಿ. ಹುಡುಗನಾದವನು ಅಕ್ಕನ ಪಾಲನ್ನು ಅಕ್ಕನಿಗೆ ಬಿಟ್ಟುಕೊಡುವುದು ಔದಾರ್ಯವಲ್ಲ, ಅದು ಅವಳದೇ ಎಂದು ಅರಿಯಲಿ. ಪಾಲು ಕೊಟ್ಟ ಮೇಲೂ ಪಂಚಮಿಗೆ ಅಕ್ಕನನ್ನು ಕರೆಯಲು ಹೋಗುವ ತಮ್ಮನಿಂದ, ಕಾನೂನು ಮಾಡಲಾರದ ಕೆಲಸ ಆಗುತ್ತದೆ.

ಬೆಳಗಾವಿಯಿಂದ ಖಾನಾಪುರದ ದಾರಿಯಲ್ಲಿ ಬಸ್ಸು ದಿನವೂ ಓಡುತ್ತದೆ. ಮುಂದೊಂದು ದಿನ ಆ ದಾರಿಯಲ್ಲಿ ಸಾಗುವವರು ಗದ್ದೆಯಲ್ಲಿ ಬಾಗಿ ಸಸಿ ನೆಡುತ್ತಿರುವ ಹೆಂಗಸನ್ನು ಕಂಡು, 'ಈ ಹೊಲ ಯಾರದು ತಾಯಿ?' ಎಂದು ಕೇಳಿದಾಗ, ಆಕೆ ಬೆನ್ನನ್ನು ನೆಟ್ಟಗೆ ಮಾಡಿ, 'ನಂದರೀ' ಎನ್ನುವಂತಾಗಬೇಕು. ಆ ಉತ್ತರಕ್ಕೆ ಉತಾರವೂ ಸಾಕ್ಷಿ ಹೇಳಬೇಕು.